ದೇವರು ಸುಮ್ನೆ ಕ್ಷಮಿಸಬಹುದಿತ್ತಲ್ವಾ?

ನಾನು ಕ್ರೈಸ್ತ ಧರ್ಮಶಾಸ್ತ್ರ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ದೇವರು ಅಷ್ಟು ಪ್ರೀತಿಯುಳ್ಳವನಾದರೆ ಪಾಪವನ್ನು ಸುಮ್ನೆ ಕ್ಷಮಿಸಬಹುದಿತ್ತಲ್ವಾ, ಅದಕ್ಕೆ ಯೇಸು ಯಾಕೆ ಸಾಯಬೇಕಿತ್ತು? ದೇವರನ್ನೇ ನಂಬದವರೂ ಕೇಳುತ್ತಾರೆ, ಭಾನುವಾರದ ಆರಾಧನೆ ತಪ್ಪಿಸದವರೂ ಕೇಳುತ್ತಾರೆ.

ಯೇಸು ಯಾರು ಅನ್ನೋದನ್ನು ಬಿಷಪ್‌ಗಳು ಸೇರಿದ ನೈಸಿಯಾ (325) ಮತ್ತು ಕಾಲ್ಸಿಡನ್ (451) ಮಹಾಸಭೆಗಳು ಒಂದೊಂದು ಪದವನ್ನೂ ಅಳೆದು ತೂಗಿ ತೀರ್ಮಾನಿಸಿದವು. ಅವನ ಸಾವು ನಮ್ಮನ್ನು ಹೇಗೆ ಬಿಡಿಸುತ್ತದೆ ಅನ್ನೋದನ್ನು ಮಾತ್ರ ಹಾಗೆ ಕಟ್ಟಿಹಾಕಲಿಲ್ಲ. ಹಾಗಾಗಿ ಉತ್ತರಗಳು ಹಲವು.

ತನ್ನ ಪ್ರಾಣವನ್ನು ಅನೇಕರಿಗಾಗಿ ಈಡು (ಬಿಡುಗಡೆಯ ಬೆಲೆ) ಕೊಡಲು ಬಂದೆ ಅಂತ ಮಾರ್ಕನ ಸುವಾರ್ತೆಯಲ್ಲಿ (10:45) ಯೇಸು ಹೇಳುತ್ತಾನೆ. ಈಡು ಕೊಟ್ಟಿದ್ದು ಯಾರಿಗೆ? ಸೈತಾನನಿಗೆ ಅಂದರು ಕೆಲವರು. 4ನೇ ಶತಮಾನದ ಬಿಷಪ್, ನಿಸ್ಸಾದ ಗ್ರೆಗರಿ ಇದಕ್ಕೆ ಗಾಳದ ಚಿತ್ರವನ್ನೇ ಕೊಟ್ಟ: ಯೇಸುವಿನ ದೇಹ ಎರೆ, ಅದರೊಳಗಿನ ದೈವತ್ವ ಕೊಕ್ಕೆ. ಸೈತಾನ ಎರೆ ನುಂಗಿದ, ಸಿಕ್ಕಿಬಿದ್ದ. ಕೇಳೋಕೆ ಮಜಾ ಇದೆ. ಆದರೆ ದೇವರು ಮೋಸದಿಂದ ಗೆದ್ದ ಹಾಗಾಯ್ತು. ಕಳ್ಳನಿಗೆ ದೇವರು ಬೆಲೆ ತೆರೋದಾ, ನಾಚಿಕೆಗೇಡು ಅಂತ ಅವನ ಗೆಳೆಯ, ನಾಜಿಯಾಂಜಸ್‌ನ ಗ್ರೆಗರಿಯೇ ಸಿಡಿದ. 20ನೇ ಶತಮಾನದಲ್ಲಿ ಸ್ವೀಡನ್ನಿನ ಧರ್ಮಶಾಸ್ತ್ರಜ್ಞ ಗುಸ್ತಾಫ್ ಔಲೆನ್ ಇದರ ತಿರುಳನ್ನು ಮತ್ತೆ ಮುಂದಕ್ಕೆ ತಂದ: ಶಿಲುಬೆ ಅಂದರೆ ಪಾಪ, ಸಾವು, ಸೈತಾನರ ಮೇಲೆ ಕ್ರಿಸ್ತನ ಜಯ.

ನಮ್ಮ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್. 1098ರಲ್ಲಿ ಮುಗಿಸಿದ ಪುಸ್ತಕದಲ್ಲಿ ಬೋಸೋ ಎಂಬ ಶಿಷ್ಯನ ಜೊತೆ ಮಾತಾಡುತ್ತಾ, ಪಾಪದ ಭಾರ ಎಷ್ಟು ಅಂತ ನೀನಿನ್ನೂ ಯೋಚಿಸಿಲ್ಲ ಅನ್ನುತ್ತಾನೆ. ಮನುಷ್ಯ ದೇವರ ಗೌರವಕ್ಕೆ ಕುಂದು ತಂದ. ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರೋದು ದೇವರಿಗೆ ಮಾತ್ರ. ಆದ್ದರಿಂದ ದೇವರೇ ಮನುಷ್ಯನಾದ. ಅಚ್ಚುಕಟ್ಟಾದ ತರ್ಕ, ಸೈತಾನನ ಹಕ್ಕುಬಾಧ್ಯತೆಯ ರಗಳೆಯೂ ಇಲ್ಲ. ಆದರೆ ದೇವರು ಮಾತ್ರ ಆ ಕಾಲದ ಜಮೀನ್ದಾರನ ಹಾಗೆ, ಮರ್ಯಾದೆ ಲೆಕ್ಕ ಹಾಕುತ್ತಾ ಕೂತ ಹಾಗೆ ಕಾಣುತ್ತಾನೆ.

16ನೇ ಶತಮಾನದಲ್ಲಿ, ಕಾನೂನು ಓದಿದ್ದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಗೌರವದ ಜಾಗದಲ್ಲಿ ಶಿಕ್ಷೆಯನ್ನು ತಂದು ಕೂರಿಸಿದ. ನಮಗೆ ಬರಬೇಕಾದ ಶಿಕ್ಷೆ ಯೇಸುವಿಗೆ ಬಂತು. ಬೇರೆಯವರ ತಪ್ಪಿಗಾಗಿ ಏಟು ತಿನ್ನುವ ಸೇವಕನ ಬಗ್ಗೆ ಹೇಳುವ ಬೈಬಲ್‌ನ ಯೆಶಾಯ 53 ಇದಕ್ಕೆ ಬೆನ್ನಿಗಿದೆ. ಅಪರಾಧ ಪ್ರಜ್ಞೆಯಿಂದ ನರಳುವವರಿಗೆ ಇದರಷ್ಟು ನೆಮ್ಮದಿ ಬೇರೆ ಯಾವುದೂ ಕೊಡಲ್ಲ. ಆದರೆ ತಪ್ಪಿಲ್ಲದವನನ್ನು ಶಿಕ್ಷಿಸಿದರೆ ಅದು ನ್ಯಾಯವಾ? ಕೋಪಗೊಂಡ ಅಪ್ಪ, ಏಟು ತಿನ್ನುವ ಮಗ ಅಂತ ಹೇಳಿಬಿಟ್ಟರಂತೂ ಕಥೆ ಕೆಟ್ಟಿತು.

ಆನ್ಸೆಲ್ಮ್‌ನ ನಂತರದ ತಲೆಮಾರಿನ ಫ್ರಾನ್ಸಿನ ಚಿಂತಕ ಅಬೆಲಾರ್ಡ್‌ಗೂ ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳೋದು ಕ್ರೌರ್ಯ ಅನ್ನಿಸಿತ್ತು. ಶಿಲುಬೆ ದೇವರ ಪ್ರೀತಿಯನ್ನು ತೋರಿಸಿ ನಮ್ಮ ಮನಸ್ಸು ತಿರುಗಿಸುತ್ತದೆ ಅಂದ. ಸರಿ, ಆದರೆ ಆ ಸಾವಿನಿಂದ ಇನ್ನೇನೂ ಆಗದಿದ್ದರೆ, ಬರೀ ತೋರಿಸೋಕೆ ಸಾಯೋದರಲ್ಲಿ ಪ್ರೀತಿ ಎಲ್ಲಿ ಬಂತು?

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಮರಳಿದ ಮಗ, ನನ್ನನ್ನು ಕೂಲಿಯವನನ್ನಾಗಿ ಇಟ್ಟುಕೋ ಅಂತ ಹೇಳೋಣವೆಂದು ಮೊದಲೇ ಅಂದುಕೊಂಡಿರುತ್ತಾನೆ. ಅಪ್ಪ ಅಷ್ಟು ಹೇಳೋಕೂ ಬಿಡದೆ ನಿಲುವಂಗಿ, ಉಂಗುರ, ಜೋಡು ತರಿಸುತ್ತಾನೆ. ಇಲ್ಲಿ ಯಾರೂ ಸಾಯಲಿಲ್ಲವಲ್ಲ ಅಂತ ಜನ ನನ್ನ ಮುಂದೆ ಹಿಡಿಯೋದು ಇದನ್ನೇ. ಆದರೆ ಹೋದ ಆಸ್ತಿ ಹೋಯ್ತಲ್ವಾ? ಸಾಲ ಮನ್ನಾ ಆದರೂ ನಷ್ಟ ಮಾಯವಾಗಲ್ಲ, ಕೊಟ್ಟವನೇ ಹೊರುತ್ತಾನೆ. ಶಿಲುಬೆಯಲ್ಲಿ ನನಗೆ ಕಾಣೋದು ಅದೇ: ನಷ್ಟವನ್ನು ದೇವರೇ ಹೊತ್ತಿದ್ದು. ತಂದೆ ಬೇರೆ, ಮಗ ಬೇರೆ ಅಂತ ಇಬ್ಬಾಗ ಮಾಡಿದರೆ ಯಾವ ಸಿದ್ಧಾಂತವೂ ನಿಲ್ಲಲ್ಲ.

ಆದರೆ ನನ್ನ ಈ ಉತ್ತರ, ಆನ್ಸೆಲ್ಮ್ ಮತ್ತು ಕ್ಯಾಲ್ವಿನ್ ಇಬ್ಬರದರ ಹಾಗೆಯೇ, ದೇವರು ಮತ್ತು ತಪ್ಪು ಮಾಡಿದವನ ನಡುವಿನ ಲೆಕ್ಕ. ಆ ತಪ್ಪಿನಿಂದ ಪೆಟ್ಟು ತಿಂದವರಿಗೆ ಇದರಲ್ಲಿ ಜಾಗ ಕಮ್ಮಿ. ಅವರ ಜೊತೆ ಮಾತಾಡುವಾಗ ನಾನು ಹಿಡಿಯೋದು ಹಳೆಯ ಜಯದ ಮಾತನ್ನೇ, ಗಾಳ ಒಂದನ್ನು ಬಿಟ್ಟು.