ಚಾವಡಿಯ ಅಟ್ಲಾಂಟಿಕ್: ಮೂರನೇ ವಾರ

ಮೊದಲು ಕೆಟ್ಟ ಸುದ್ದಿ. ಗುರುವಾರ ಬೆಳಿಗ್ಗೆ ಅಮ್ಮ ಚಾವಡಿ ಒರೆಸಿದರು. ಎರಡು ಸಂಜೆ ಕೂತು ಗೀಚಿದ್ದ ಸಮುದ್ರವೆಲ್ಲ ಬಕೆಟ್ಟಿಗೆ ಹೋಯಿತು. "ಯಾರಾದ್ರೂ ಬಂದ್ರೆ ಇದು ಎಂತ ಅಂತ ಹೇಳುವುದು?" ಎಂದು ನನಗೇ ಕೇಳಿದರು. ಎರಡನೇ ಮಹಾಯುದ್ಧ ಅನ್ನಲಿಕ್ಕೆ ಆಗ್ತದಾ?

ಗೊತ್ತಿಲ್ಲದವರಿಗೆ: ನಾನು ಚಾವಡಿಯಲ್ಲಿ ಆಡುತ್ತಿರುವುದು 1942ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾದ ಯುದ್ಧದಾಟ, ಸರಕು ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳಿಂದ ಕಾಯುವುದನ್ನು ಕಲಿಸಲಿಕ್ಕೆ. ಕ್ಷಯದಿಂದಾಗಿ ಬ್ರಿಟಿಷ್ ನೌಕಾಪಡೆ ಬಿಡಬೇಕಾಗಿ ಬಂದಿದ್ದ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಮತ್ತು ಮಹಿಳಾ ದಳದ ಹುಡುಗಿಯರು ಸೇರಿ ನಡೆಸಿದ್ದು. ಲಿನೋಲಿಯಂ ನೆಲವೇ ಸಮುದ್ರ. ಬೆಂಗಾವಲು ಹಡಗಿನ ಅಧಿಕಾರಿಗಳು ಪರದೆಯ ಹಿಂದೆ ನಿಂತು ಕಿಂಡಿಯಲ್ಲಿ ಮಾತ್ರ ನೋಡಬೇಕು. (ಉಡುಪಿಯವರಿಗೆ ಕಿಂಡಿ ಹೊಸತಲ್ಲ ಬಿಡಿ.) ಯು-ಬೋಟ್ (ಅಂದರೆ ಜರ್ಮನ್ ಜಲಾಂತರ್ಗಾಮಿ) ಹೋದ ದಾರಿಯನ್ನು ಹಸಿರು ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದರು. ಕಿಂಡಿಯಿಂದ ಅದು ಕಾಣುತ್ತಿರಲಿಲ್ಲ.

ನಮ್ಮದು ಕೆಂಪು ನೆಲ, ಹಸಿರು ಎದ್ದು ಕಾಣುತ್ತದೆ. ಕೆಂಪು ಸೀಮೆಸುಣ್ಣ ತಂದೆ. ಅಜ್ಜಿಯ ಚೆನ್ನೆಮಣೆಯಿಂದ ಒಂದು ಮಂಜೊಟ್ಟಿ (ಕೆಂಪು ಬೀಜ) ತೆಗೆದೆ, ಅದೇ ಯು-ಬೋಟ್. ಸರಕು ಹಡಗಿಗೆ ಕವಡೆ, ಬೆಂಗಾವಲಿಗೆ ಅಂಗಿಯ ಬಿಳಿ ಗುಂಡಿ. ಹಳೆ ಬೆಡ್‌ಶೀಟಿಗೆ ಕಿಂಡಿ ಕತ್ತರಿಸಿ ಹಗ್ಗಕ್ಕೆ ಹಾಕಿದೆ. ಆರಡಿ ದೂರದಿಂದ ಮಂಜೊಟ್ಟಿ ನಿಜಕ್ಕೂ ಕಾಣುವುದಿಲ್ಲ! ಸಂಜೆ ಆದ್ಮೇಲೆ ನನಗೂ ಕಾಣುವುದಿಲ್ಲ, ಅದು ಬೇರೆ ಮಾತು.

ಲೆಕ್ಕ ಹೀಗೆ. ಒಂದು ನಡೆ ಎಂದರೆ 2 ನಿಮಿಷ, ಒಂದು ನಾಟಿಕಲ್ ಮೈಲಿಗೆ 25 ಸೆಂ.ಮೀ. 16 ನಾಟ್ (ಗಂಟೆಗೆ 16 ನಾಟಿಕಲ್ ಮೈಲಿ) ವೇಗದ ಕಾರ್ವೆಟ್, ಅಂದರೆ ಸಣ್ಣ ಬೆಂಗಾವಲು ಹಡಗು, ಒಂದು ನಡೆಗೆ 13 ಸೆಂ.ಮೀ. ಹೋಗುತ್ತದೆ. ಯು-ಬೋಟ್ ನೀರಿನ ಮೇಲೆ 17 ನಾಟ್ ದಾಟುತ್ತದೆ, ಅಂದರೆ 14 ಸೆಂ.ಮೀ. ಮುಳುಗಿದರೆ ಬರೀ 6. ಎಂಟು ನಾಟಿನ ಸರಕು ಹಡಗೇ ಅದನ್ನು ಹಿಂದೆ ಹಾಕುತ್ತದೆ. ಹಾಗಾಗಿ ಅದು ರಾತ್ರಿ ನೀರಿನ ಮೇಲೆಯೇ ಬರಬೇಕು. ಓದಿದಾಗ ತಲೆಗೆ ಹೋಗದ ಈ ವಿಷಯ ಸ್ಕೇಲು ಹಿಡಿದು ತೆವಳಿದಾಗ ಹೋಯಿತು.

ಶನಿವಾರದ ಆಟದಲ್ಲಿ ಅಕ್ಕನ ಮಗ ಬೆಂಗಾವಲು, ನಾನು ಯು-ಬೋಟ್. ಹಿಂದಿನಿಂದ ನುಗ್ಗಿ ಕವಡೆಗಳ ಸಾಲಿನ ನಡುವೆಯೇ ಸೇರಿಕೊಂಡೆ. ಟಾರ್ಪಿಡೊ ಬಿದ್ದದ್ದೇ ತಡ, ಅವನು ಗುಂಡಿಗಳನ್ನೆಲ್ಲ ಹೊರಕ್ಕೆ ಓಡಿಸಿದ. ನಾನು ಸುಮ್ನೆ ಮುಳುಗಿ, ಕವಡೆಗಳು ಮುಂದೆ ಹೋಗಲಿ ಎಂದು ಕಾದೆ. ಆಗ ನಿಜವಾದ ಹಡಗುಗಳೂ ಇದೇ ತಪ್ಪು ಮಾಡುತ್ತಿದ್ದವು. ರಾಬರ್ಟ್ಸ್ ತಂಡ ಅದನ್ನು ಹಿಡಿದದ್ದು ನೆಲದ ಮೇಲೆ ಆಡಿ. ಅವರು ಕಂಡುಕೊಂಡ ಪ್ರತಿತಂತ್ರಕ್ಕೆ ಜೀನ್ ಲೇಡ್ಲಾ ಎಂಬ ಹುಡುಗಿ ಇಟ್ಟ ಹೆಸರು 'ರಾಸ್ಪ್ಬೆರಿ'. ನಾಲಿಗೆ ಹೊರಹಾಕಿ ಅಣಕಿಸುವ ಸದ್ದಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು, ಅಣಕ ಹಿಟ್ಲರನಿಗೆ!

ಪಕ್ಕದ ಮನೆಯ ಅಣ್ಣ ಮಲ್ಪೆಯ ಮೀನುಗಾರಿಕಾ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಬಾಗಿಲಲ್ಲಿ ನಿಂತು ನೋಡಿ, "ಎಂತ ಮಾರಾಯ, ಹಡಗು ರಿಕ್ಷಾದ ಹಾಗೆ ತಿರುಗ್ತದಾ?" ಎಂದರು. ಸರಿಯೇ. ರಟ್ಟಿನಲ್ಲಿ ತಿರುವಿನ ಕಮಾನು ಕತ್ತರಿಸುತ್ತಿದ್ದೇನೆ. ಭಾನುವಾರ ಮನೆಯಲ್ಲಿ ಪೂಜೆ. ಶನಿವಾರ ರಾತ್ರಿಯೊಳಗೆ ಸಮುದ್ರ ಖಾಲಿ ಮಾಡಬೇಕಂತೆ.