ಸಿಬಿಟಿ: ವಾರಕ್ಕೆ ಒಂದು ಗಂಟೆ, ಉಳಿದದ್ದು ನಮ್ಮ ಪಾಲು

ಚಿಕಿತ್ಸಕಿಯ ಕೋಣೆಗೆ ಮೊದಲ ಸಲ ಹೋದಾಗ ನಾನು ಬಾಲ್ಯದಿಂದ ಹಿಡಿದು ಎಲ್ಲವನ್ನೂ ಹೇಳಿಕೊಳ್ಳುವ ತಯಾರಿಯಲ್ಲಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಂತರ ನಯವಾಗಿ ತಡೆದು, "ಕಳೆದ ವಾರ ನಿಮಗೆ ತುಂಬಾ ಸಂಕಟವಾದ ಒಂದೇ ಒಂದು ಗಳಿಗೆಯನ್ನು ಹೇಳಿ. ಎಲ್ಲಿ ಕುಳಿತಿದ್ದಿರಿ, ಏನು ಮಾಡುತ್ತಿದ್ದಿರಿ, ಆ ಕ್ಷಣ ಮನಸ್ಸಿನಲ್ಲಿ ಏನು ಹಾದುಹೋಯಿತು?" ಎಂದು ಕೇಳಿದರು. ಇಷ್ಟು ವರ್ಷಗಳ ಕತೆಯನ್ನು ಬಿಟ್ಟು ಒಂದು ಗಳಿಗೆಯನ್ನು ಹಿಡಿದುಕೊಂಡರಲ್ಲ ಎಂದು ನನಗೆ ಕೊಂಚ ನಿರಾಸೆಯೇ ಆಯಿತು. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ (ಸಿಬಿಟಿ), ಅಂದರೆ ಅರಿವಿನ ವರ್ತನಾ ಚಿಕಿತ್ಸೆ, ನಡೆಯುವುದೇ ಹೀಗೆ ಎಂಬುದು ಆಗ ತಿಳಿದಿರಲಿಲ್ಲ.

ಈ ಪದ್ಧತಿಯನ್ನು 1960ರ ದಶಕದಲ್ಲಿ ರೂಪಿಸಿದ ಆರನ್ ಬೆಕ್ ಮೂಲತಃ ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದ ಮನೋವೈದ್ಯರು. ಖಿನ್ನತೆಯಿಂದ ಬಳಲುವವರು ಬಾಯಿಬಿಟ್ಟು ಹೇಳುವ ಮಾತುಗಳ ಜೊತೆಗೇ ಇನ್ನೊಂದು ಆಲೋಚನೆಯ ಹರಿವು ಅವರೊಳಗೆ ನಡೆದಿರುತ್ತದೆ, ಅದು ಕ್ಷಣಮಾತ್ರದಲ್ಲಿ ಬಂದು ಹೋಗುತ್ತದೆ, ಬಂದದ್ದನ್ನು ಅವರು ಪ್ರಶ್ನಿಸದೆ ನಂಬಿಬಿಡುತ್ತಾರೆ ಎಂಬುದನ್ನು ಅವರು ಗಮನಿಸಿದರು. ಇವುಗಳಿಗೆ ಅವರು ಇಟ್ಟ ಹೆಸರು ಸ್ವಯಂಚಾಲಿತ ಆಲೋಚನೆಗಳು. ನಮ್ಮನ್ನು ಕುಗ್ಗಿಸುವುದು ಘಟನೆ ಮಾತ್ರವಲ್ಲ, ಘಟನೆಗೆ ನಾವು ಆ ಕ್ಷಣ ಕೊಟ್ಟುಕೊಳ್ಳುವ ಅರ್ಥವೂ ಹೌದು. ಆ ಅರ್ಥದಿಂದ ಭಾವನೆ, ಭಾವನೆಯಿಂದ ವರ್ತನೆ, ವರ್ತನೆಯಿಂದ ಮತ್ತೆ ಅದೇ ಅರ್ಥಕ್ಕೆ ಬಲ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ತಡೆಯುವುದೇ ಚಿಕಿತ್ಸೆಯ ಕೆಲಸ.

ಮೊದಲ ಭೇಟಿಯಲ್ಲಿ ಪ್ರಶ್ನಾವಳಿಗಳು ಎದುರಾಗುತ್ತವೆ. ನನಗೆ ಕೊಟ್ಟದ್ದು ಖಿನ್ನತೆಯ ತೀವ್ರತೆಯನ್ನು ಅಳೆಯುವ ಪಿಎಚ್‌ಕ್ಯೂ-9: ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು ಹೆಚ್ಚೆಂದರೆ 27; ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಅದರ ಕೊನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಕುರಿತದ್ದು. ಅಲ್ಲಿ ಸಂಕೋಚದಿಂದ ಸೊನ್ನೆ ಹಾಕಬೇಡಿ; ಅಂಥ ಯೋಚನೆ ಬಂದಿದ್ದರೆ ಬಂದಿದೆ ಎಂದೇ ಬರೆಯಿರಿ. ನಾವು ಹೇಳಿದ್ದು ಗೋಪ್ಯವಾಗಿ ಉಳಿಯುತ್ತದೆ, ಆದರೆ ಜೀವಕ್ಕೆ ಅಪಾಯವಿದೆ ಎನಿಸಿದಾಗ ಆ ಗೋಪ್ಯತೆಗೆ ಮಿತಿಯಿದೆ ಎಂಬುದನ್ನು ಒಳ್ಳೆಯ ಚಿಕಿತ್ಸಕರು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತಾರೆ. ಇಂಥ ಪ್ರಶ್ನಾವಳಿಯನ್ನು ಕೆಲವು ವಾರಗಳಿಗೊಮ್ಮೆ ಮತ್ತೆ ತುಂಬಿಸುತ್ತಾರೆ. ಏನೂ ಬದಲಾಗಿಲ್ಲ ಎಂದು ನಾನು ಖಚಿತವಾಗಿ ವಾದಿಸಿದ ದಿನವೇ ಅಂಕ ಐದು ಇಳಿದಿತ್ತು.

ಆಮೇಲಿನ ಪ್ರತಿ ಭೇಟಿಗೂ ಒಂದು ಚೌಕಟ್ಟು ಇರುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, 45 ನಿಮಿಷದಿಂದ ಒಂದು ಗಂಟೆಯವರೆಗೆ. ತೊಂದರೆ ಎಂಥದ್ದು ಎಂಬುದರ ಮೇಲೆ ಒಟ್ಟು ಆರರಿಂದ ಇಪ್ಪತ್ತು ಭೇಟಿಗಳು. ಇಂದು ಯಾವುದರ ಬಗ್ಗೆ ಮಾತಾಡೋಣ ಎಂದು ಇಬ್ಬರೂ ಸೇರಿ ಮೊದಲೇ ನಿರ್ಧರಿಸಬೇಕು, ಹಿಂದಿನ ವಾರದ ಹೋಂವರ್ಕ್ ನೋಡಬೇಕು, ಕೊನೆಗೆ ಮುಂದಿನದನ್ನು ಬರೆದುಕೊಳ್ಳಬೇಕು. ಹೌದು, ಹೋಂವರ್ಕ್. ವಾರದ 168 ಗಂಟೆಗಳಲ್ಲಿ ಒಂದನ್ನು ಮಾತ್ರ ಆ ಕೋಣೆಯಲ್ಲಿ ಕಳೆಯುವವರಿಗೆ ಉಳಿದ 167 ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದೇ ಮುಖ್ಯವಾಗುತ್ತದೆ. ಅದನ್ನು ಮಾಡದೆ ಹೋದ ವಾರಗಳಲ್ಲಿ ನನಗೆ ಭೇಟಿಯಿಂದ ದೊರೆತದ್ದು ಮಾತಾಡಿದ ಸಮಾಧಾನ ಮಾತ್ರ.

ನನ್ನ ತೊಂದರೆ ಇಷ್ಟು: ಕೆಲಸದ ಯಾವುದೇ ಇಮೇಲ್ ಕಳುಹಿಸುವ ಮುನ್ನ ಆರೇಳು ಸಲ ಓದುತ್ತಿದ್ದೆ, ಕಳುಹಿಸಿದ ಮೇಲೂ ತೆರೆದು ಓದುತ್ತಿದ್ದೆ, ರಾತ್ರಿ ಹಾಸಿಗೆಯಲ್ಲಿಯೂ ಅದೇ ಧ್ಯಾನ. ಆಲೋಚನೆಗಳ ದಾಖಲೆ ಎಂಬ ಹಾಳೆಯಲ್ಲಿ ಇದನ್ನು ಬರೆಯಬೇಕಾಯಿತು. ಸನ್ನಿವೇಶ: ವರದಿ ಕಳುಹಿಸಿ ಹತ್ತು ನಿಮಿಷ ಆಗಿದೆ. ಆಲೋಚನೆ: "ಏನೋ ತಪ್ಪಾಗಿದೆ, ಇನ್ನು ನನ್ನನ್ನು ಯಾರೂ ನಂಬುವುದಿಲ್ಲ." ಭಾವನೆ: ಆತಂಕ, ನೂರಕ್ಕೆ 85. ಅದರ ಪಕ್ಕದ ಎರಡು ಕಾಲಂಗಳಲ್ಲಿ ಈ ಆಲೋಚನೆಯ ಪರವಾಗಿ ಏನು ಸಾಕ್ಷ್ಯವಿದೆ, ವಿರುದ್ಧ ಏನಿದೆ ಎಂದು ಬರೆಯಬೇಕು. ಪರವಾದ ಕಾಲಂನಲ್ಲಿ ನಾನು "ಹಾಗೆ ಅನ್ನಿಸುತ್ತಿದೆ" ಎಂದು ಬರೆದಿದ್ದೆ. ಚಿಕಿತ್ಸಕಿ ಆ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು, "ಇದನ್ನು ಸಾಕ್ಷ್ಯ ಎಂದು ಒಪ್ಪಿಕೊಳ್ಳೋಣವೇ?" ಎಂದು ಕೇಳಿದರು. ಅವರು ಬುದ್ಧಿವಾದ ಹೇಳಿದ್ದು ಬಹಳ ಕಡಿಮೆ. ಪ್ರಶ್ನೆ ಕೇಳಿ ನಮ್ಮ ಬಾಯಿಂದಲೇ ಉತ್ತರ ಹೊರಡಿಸುವುದು ಈ ಚಿಕಿತ್ಸೆಯ ರೀತಿ, ಕೆಲವೊಮ್ಮೆ ಸಿಟ್ಟು ತರಿಸುವ ರೀತಿಯೂ ಹೌದು.

ಇದನ್ನು "ಪಾಸಿಟಿವ್ ಆಗಿ ಯೋಚಿಸುವುದು" ಎಂದು ತಿಳಿದುಕೊಂಡವರು ಬಹಳ ಮಂದಿ ಇದ್ದಾರೆ. ಹಾಗಲ್ಲವೆಂದು ನನಗೆ ಮನವರಿಕೆಯಾದದ್ದು ಒಂದು ಪ್ರಯೋಗದಿಂದ. ವರದಿಯನ್ನು ಒಂದೇ ಸಲ ಓದಿ ಕಳುಹಿಸಬೇಕು, ಮತ್ತೆ ತೆರೆಯಬಾರದು, ಏನಾಗಬಹುದು ಎಂಬ ಊಹೆಯನ್ನು ಮೊದಲೇ ಬರೆದಿಡಬೇಕು ಎಂದು ನಿರ್ಧಾರವಾಯಿತು. "ತಪ್ಪು ಸಿಗುತ್ತದೆ, ಕರೆದು ವಿಚಾರಿಸುತ್ತಾರೆ" ಎಂದು ಬರೆದೆ. ನಿಜಕ್ಕೂ ತಪ್ಪು ಸಿಕ್ಕಿತು. ಕೋಷ್ಟಕದಲ್ಲಿ ಒಂದು ತಿಂಗಳ ಅಂಕಿ ಹಿಂದಿನ ತಿಂಗಳದ್ದೇ ಆಗಿತ್ತು. ಮೇಲಧಿಕಾರಿಯಿಂದ ಬಂದದ್ದು ಒಂದೇ ಸಾಲು: "ಮಾರ್ಚ್ ಅಂಕಿ ಸರಿಪಡಿಸಿ ಕಳುಹಿಸಿ." ಸರಿಪಡಿಸಿದೆ, ಅಲ್ಲಿಗೆ ಮುಗಿಯಿತು. ತಪ್ಪೇ ಆಗದೆ ಇದ್ದಿದ್ದರೆ ಈ ಸಲ ಬಚಾವಾದೆ ಎಂದುಕೊಂಡು ಮುಂದಿನದನ್ನು ಮತ್ತೆ ಏಳು ಸಲ ಓದುತ್ತಿದ್ದೆನೇನೋ. ನನ್ನ ಊಹೆಯ ಮೊದಲರ್ಧ ನಿಜವಾಗಿ ದ್ವಿತೀಯಾರ್ಧ ಸುಳ್ಳಾದದ್ದೇ ಒಳ್ಳೆಯದಾಯಿತು.

ಎಲ್ಲರಿಗೂ ಇದೇ ಹಾಳೆ, ಇದೇ ಪ್ರಯೋಗ ಇರುವುದಿಲ್ಲ. ಖಿನ್ನತೆಯಲ್ಲಿ ಹಲವು ಸಲ ಆಲೋಚನೆಗಿಂತ ಮೊದಲು ಚಟುವಟಿಕೆಯನ್ನು ಹಿಡಿಯುತ್ತಾರೆ: ಮನಸ್ಸು ಬಂದಾಗ ಮಾಡುತ್ತೇನೆ ಎನ್ನದೆ ವೇಳಾಪಟ್ಟಿ ಹಾಕಿ, ಚಿಕ್ಕದಾದರೂ ಒಂದು ಕೆಲಸ. ಭಯದ ತೊಂದರೆಗಳಲ್ಲಿ ಕಡಿಮೆ ಭಯ ಹುಟ್ಟಿಸುವುದರಿಂದ ಹೆಚ್ಚಿನದರವರೆಗೆ ಮೆಟ್ಟಿಲು ಮಾಡಿಕೊಂಡು ಒಂದೊಂದಾಗಿ ಎದುರಿಸಬೇಕು. ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ನುಗ್ಗುವ ತೀವ್ರ ಭಯ, ಇರುವವರಿಂದ ಬೇಕೆಂದೇ ಜೋರಾಗಿ ಉಸಿರಾಡಿಸಿ, ಎದೆ ಡವಗುಟ್ಟುವುದು ಅಪಾಯವಲ್ಲ ಎಂಬುದನ್ನು ಅನುಭವದಿಂದಲೇ ಕಲಿಸುವುದೂ ಉಂಟು. ಇಲ್ಲೆಲ್ಲ ಆರಂಭದ ವಾರಗಳಲ್ಲಿ ಸಂಕಟ ಕಡಿಮೆಯಾಗುವ ಬದಲು ಹೆಚ್ಚಾಗಬಹುದು, ಏಕೆಂದರೆ ಇಷ್ಟು ದಿನ ತಪ್ಪಿಸಿಕೊಂಡದ್ದಕ್ಕೆ ಈಗ ಮುಖ ಕೊಡುತ್ತಿದ್ದೇವೆ. ಚಿಕಿತ್ಸೆ ಬಿಟ್ಟುಬಿಡೋಣ ಎಂದು ನನಗನ್ನಿಸಿದ್ದೂ ಮೂರನೆಯ, ನಾಲ್ಕನೆಯ ವಾರದಲ್ಲಿಯೇ.

ಬಿಡಬೇಕೆನಿಸಿದರೆ ಮೊದಲು ಅದನ್ನು ಚಿಕಿತ್ಸಕರಿಗೇ ಹೇಳಿ. ಈ ಪದ್ಧತಿಯಲ್ಲಿ ಅವರೇ ಆಗಾಗ "ಇಂದು ಯಾವುದು ಸರಿಹೋಗಲಿಲ್ಲ?" ಎಂದು ಕೇಳಬೇಕು. ಕೆಲವು ಭೇಟಿಗಳಾದರೂ ಮಾತು ಕೂಡಿಬರದಿದ್ದರೆ ಬೇರೆಯವರನ್ನು ಹುಡುಕುವುದರಲ್ಲಿ ತಪ್ಪಿಲ್ಲ. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರು ಸಿಬಿಟಿ ಶುರುವಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಎರಡೂ ಜೊತೆಯಲ್ಲಿ ನಡೆಯುತ್ತವೆ, ಔಷಧಿಯ ನಿರ್ಧಾರ ಮನೋವೈದ್ಯರದು.

ಕೊನೆಯ ಹೊತ್ತಿಗೆ ನನ್ನ ಭೇಟಿಗಳ ಅಂತರ ಎರಡು ವಾರವಾಯಿತು, ಆಮೇಲೆ ತಿಂಗಳಾಯಿತು. ಕೊನೆಯ ದಿನ ಇಬ್ಬರೂ ಸೇರಿ ಒಂದು ಪುಟ ಬರೆದೆವು: ತೊಂದರೆ ಮರಳಿ ಬರುವಾಗ ಮೊದಲು ಕಾಣಿಸುವ ಚಿಹ್ನೆಗಳೇನು, ಆಗ ಮಾಡಬೇಕಾದದ್ದೇನು. ಆ ಪುಟ ಈಗಲೂ ಮೇಜಿನ ಡ್ರಾಯರ್‌ನಲ್ಲಿದೆ. ಅದರ ಮೊದಲ ಸಾಲು, "ಕಳುಹಿಸಿದ ಇಮೇಲನ್ನು ಎರಡನೆಯ ಸಲ ತೆರೆಯುವುದು." ಕಳೆದ ತಿಂಗಳು ಹಾಗೆ ಎರಡು ಸಲ ತೆರೆದೆ, ಮೂರನೆಯದಕ್ಕೆ ಕೈ ಹೋದಾಗ ಡ್ರಾಯರ್‌ನಿಂದ ಖಾಲಿ ಹಾಳೆಯೊಂದನ್ನು ತೆಗೆದು ಕಾಲಂಗಳನ್ನು ಎಳೆದುಕೊಂಡೆ.