ಬಾರ್ಲೋ ಪತ್ರಗಳನ್ನು ಓದಲು ಹಾರ್ವರ್ಡ್‌ಗೆ ಹೊರಟವರಿಗೆ

ಕವಿಯೂ ರಾಜತಾಂತ್ರಿಕನೂ ಆಗಿದ್ದ ಜೋಯಲ್ ಬಾರ್ಲೋ ಹೆಸರು ಕೇಳಿದವರು ಈಗ ಅಮೆರಿಕದಲ್ಲೇ ಕಡಿಮೆ. 1754ರಲ್ಲಿ ಕನೆಕ್ಟಿಕಟ್‌ನ ರೆಡ್ಡಿಂಗ್‌ನಲ್ಲಿ ಹುಟ್ಟಿದವನು. ಉತ್ತರ ಆಫ್ರಿಕಾದ ಅಲ್ಜಿಯರ್ಸ್‌ನಲ್ಲಿ ಅಮೆರಿಕದ ಕಾನ್ಸಲ್ (ಸರ್ಕಾರದ ಪ್ರತಿನಿಧಿ) ಆಗಿದ್ದಾಗ, ಅಲ್ಲಿ ಸೆರೆಯಲ್ಲಿದ್ದ ಅಮೆರಿಕನ್ ನಾವಿಕರನ್ನು ಬಿಡಿಸಿದ. 1812ರಲ್ಲಿ ನೆಪೋಲಿಯನ್‌ನನ್ನು ಕಾಣಲು ವಿಲ್ನಾವರೆಗೆ (ಇಂದಿನ ವಿಲ್ನಿಯಸ್) ಹೋಗಿ, ಅವನ ಸೋತ ಸೈನ್ಯ ಹಿಮ್ಮೆಟ್ಟುತ್ತಿದ್ದ ಹೊತ್ತಿನಲ್ಲೇ ಹಿಂದಿರುಗುವಾಗ ಪೋಲೆಂಡಿನ ಹಳ್ಳಿಯೊಂದರಲ್ಲಿ ತೀರಿಕೊಂಡ. ಅವನ ಕಾಗದಪತ್ರಗಳ ದೊಡ್ಡ ಸಂಗ್ರಹ ಇರುವುದು ಹಾರ್ವರ್ಡ್‌ನ ಹೌಟನ್ ಲೈಬ್ರರಿಯಲ್ಲಿ.

ಬಾಸ್ಟನ್ ವಿಮಾನ ನಿಲ್ದಾಣದಿಂದ ಸಿಲ್ವರ್ ಲೈನ್ ಬಸ್ ಹಿಡಿದು ಸೌತ್ ಸ್ಟೇಷನ್, ಅಲ್ಲಿಂದ ರೆಡ್ ಲೈನ್ ಮೆಟ್ರೋದಲ್ಲಿ ಹಾರ್ವರ್ಡ್ ಸ್ಕ್ವೇರ್. ವಿಮಾನ ನಿಲ್ದಾಣದಲ್ಲಿ ಬಸ್ ಹತ್ತಲು ದುಡ್ಡು ಕೊಡಬೇಕಿಲ್ಲ. ಟ್ಯಾಕ್ಸಿಗೆ ಯಾಕೆ ಸುರಿಯುತ್ತೀರಿ? ಲೈಬ್ರರಿ ಇರುವುದು ಕ್ಯಾಂಪಸ್ಸಿನೊಳಗೆ, ವೈಡ್ನರ್ ಲೈಬ್ರರಿಯ ಪಕ್ಕದಲ್ಲೇ.

ನಿಜವಾದ ಕೆಲಸ ಶುರುವಾಗಬೇಕಾದದ್ದು ಮಾತ್ರ ಮನೆಯಲ್ಲಿ. ಓದಲು ಹಾರ್ವರ್ಡ್ ವಿದ್ಯಾರ್ಥಿಯಾಗಿರಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಆನ್‌ಲೈನ್ ಖಾತೆ ತೆರೆದು, ಸಂಗ್ರಹದ ವಿವರಪಟ್ಟಿ ಓದಿ, ಬೇಕಾದ ಪೆಟ್ಟಿಗೆಗಳನ್ನು ಮುಂಚೆಯೇ ಕೇಳಿಡಬೇಕು. ವಾರಾಂತ್ಯದಲ್ಲಿ ವಾಚನಾಲಯ ಮುಚ್ಚಿರುತ್ತದೆ. ಟಿಕೆಟ್ ಕಾಯ್ದಿರಿಸುವ ಮುನ್ನ ವೇಳಾಪಟ್ಟಿ ನೋಡಿ. ಪಾಸ್‌ಪೋರ್ಟ್ ಜೊತೆಗಿರಲಿ. ಬ್ಯಾಗು, ಕೋಟು, ನೀರಿನ ಬಾಟಲಿ ಲಾಕರ್‌ಗೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ಚಿತ್ರ ತೆಗೆಯಬಹುದು. ಪ್ರತಿ ಚಿತ್ರದಲ್ಲೂ ಫೋಲ್ಡರ್ ಸಂಖ್ಯೆ ಕಾಣುವಂತೆ ತೆಗೆಯಿರಿ, ಇಲ್ಲವಾದರೆ ಊರಿಗೆ ಬಂದ ಮೇಲೆ ಯಾವ ಪತ್ರ ಯಾವುದೆಂದೇ ತಿಳಿಯದು.

ಯಾವುದನ್ನು ಮೊದಲು ಕೇಳಬೇಕು? ನನ್ನನ್ನು ಕೇಳಿದರೆ ಅವನ ಮಹಾಕಾವ್ಯವನ್ನು ಬದಿಗಿಡಿ. 1807ರಲ್ಲಿ ಭರ್ಜರಿ ಚಿತ್ರಗಳೊಡನೆ ಅಚ್ಚಾದ 'ಕೊಲಂಬಿಯಾಡ್' ಇವತ್ತು ಓದಿಸಿಕೊಂಡು ಹೋಗುವುದಿಲ್ಲ. ಹೆಂಡತಿ ರೂತ್‌ಗೆ ಬರೆದ ಪತ್ರಗಳಿಂದ ಶುರುಮಾಡಿ. 1796ರಲ್ಲಿ ಅಲ್ಜಿಯರ್ಸ್‌ನಲ್ಲಿ ಪ್ಲೇಗ್ ಹಬ್ಬಿದ್ದಾಗ, ತಾನು ಬದುಕದೇ ಹೋದರೆ ಏನು ಮಾಡಬೇಕೆಂದು ಅವಳಿಗೆ ಬರೆದ. ಮಹಾಕಾವ್ಯದ ಸಾವಿರಾರು ಸಾಲುಗಳಲ್ಲಿ ಕಾಣದ ಮನುಷ್ಯ ಇಲ್ಲಿ ಸಿಗುತ್ತಾನೆ. ಹಳೆಯ ಕೈಬರಹಕ್ಕೆ ಕಣ್ಣು ಹೊಂದಲು ಸಮಯ ಬೇಕು, ಮೊದಲ ದಿನವೇ ಹೆಚ್ಚು ಪೆಟ್ಟಿಗೆ ತರಿಸಿಕೊಳ್ಳಬೇಡಿ.

ಹೊರಡುವ ಮುನ್ನ ಅವನ 'ಹೇಸ್ಟಿ ಪುಡಿಂಗ್' ಕವಿತೆಯನ್ನು ಓದಿಕೊಳ್ಳಿ. 1793ರಲ್ಲಿ ಆಲ್ಪ್ಸ್ ತಪ್ಪಲಿನ ಸವಾಯ್ ಸೀಮೆಯಲ್ಲಿ ಇದೇ ಹೆಸರಿನ, ಮೆಕ್ಕೆಜೋಳದ ಹಿಟ್ಟಿನ ಅಂಬಲಿಯಂಥ ಊಟ ಎದುರಿಗೆ ಬಂದಾಗ ಊರು ನೆನಪಾಗಿ ಬರೆದದ್ದು. ಪರದೇಶದಲ್ಲಿ ರಾಗಿಮುದ್ದೆ ಹಂಬಲಿಸಿದವರಿಗೆ ಟಿಪ್ಪಣಿ ಬೇಕಾಗದು. ಅಂದಹಾಗೆ ಅದೇ ತಿನಿಸಿನ ಹೆಸರಿನ ಕ್ಲಬ್ಬೊಂದು ಹಾರ್ವರ್ಡ್‌ನಲ್ಲಿ 1795ರಿಂದಲೇ ಇದೆ, ಕವಿತೆ ಅಚ್ಚಾಗುವುದಕ್ಕಿಂತ ಮುಂಚಿನದು.

ಬಿಡುವಿದ್ದರೆ ಸೌತ್ ಸ್ಟೇಷನ್‌ನಿಂದ ಆಮ್ಟ್ರ್ಯಾಕ್ ರೈಲಿನಲ್ಲಿ ನ್ಯೂ ಹೇವನ್‌ಗೆ ಹೋಗಿ. ಬಾರ್ಲೋ ಓದಿದ್ದು ಅಲ್ಲಿನ ಯೇಲ್‌ನಲ್ಲಿ, 1778ರಲ್ಲಿ ಪದವಿ. ಅಲ್ಲಿನ ಬೈನೆಕಿ ಲೈಬ್ರರಿಯಲ್ಲೂ ಅವನ ಪತ್ರಗಳಿವೆ. ಅದಕ್ಕೆ ಬೇರೆಯೇ ನೋಂದಣಿ. ಹಾರ್ವರ್ಡ್ ಖಾತೆ ನಡೆಯುವುದಿಲ್ಲ.